ಮೆಷಿನ್ನಿನ ಜೊತೆಗೆ ಹೋದವರು

ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆಗೆ ಅದರದ್ದೇ ಒಂದು ವಾಸನೆ ಇದೆ. ಸೀಮೆಎಣ್ಣೆಯಷ್ಟು ಘಾಟಲ್ಲ, ತೆಂಗಿನೆಣ್ಣೆಯಷ್ಟು ಹಿತವೂ ಅಲ್ಲ. ಕಳೆದ ವಾರ ಮೂಡಿಗೆರೆ ಪೇಟೆಯಿಂದ ರಿಪೇರಿಯವನು ಬಂದು, ನನ್ನ ಹಳೇ ಮೆಷಿನ್ನಿನ ತಲೆ ಮಗುಚಿ, ಸಣ್ಣ ಬುಡ್ಡಿಯಿಂದ ಸಂದಿಸಂದಿಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ವಾಸನೆ ಅಲ್ಲಿಗೇ ಬಂತು, ಕೈ ನಿಂತುಹೋಯಿತು. ಅದರ ಹಿಂದೆಯೇ ಇನ್ನೂ ಎರಡು ವಾಸನೆ ನೆನಪಾದವು. ಹೊಸ ಬಟ್ಟೆಯ ಗಂಜಿಯದೊಂದು, ಬಿಸಿಲಲ್ಲಿ ಮಲಗೆದ್ದ ಮುದಿ ನಾಯಿಯದೊಂದು. ಆಮೇಲೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನನ್ನು ಗದರುತ್ತಿದ್ದ ಟೈಲರಮ್ಮ...

ಬಣಕಲ್ಲಿನ ದೊಡ್ಡ ರಸ್ತೆಯಿಂದ ಶಾಲೆಯ ಕಡೆಗೆ ಹೋಗುವ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಮುಂದೆ ಒಂದು ಕೋಣೆ, ಹಿಂದೆ ಒಂದು ಅಡುಗೆಮನೆ. ಅವರ ಸಂಸಾರವೂ ಅಷ್ಟೇ, ಒಬ್ಬರೇ. ಅವರಿಗೆ ಹೆಸರೇನೋ ಇತ್ತು, ಆದರೆ ಅದು ರೇಷನ್ ಕಾರ್ಡಿನಿಂದ ಹೊರಗೆ ಬಂದದ್ದನ್ನು ನಾನು ಕಾಣೆ. ಸುತ್ತಲಿನ ಎಸ್ಟೇಟುಗಳಿಗೆಲ್ಲ ಅವರು ಟೈಲರಮ್ಮ. ಪ್ಲಾಂಟರುಗಳ ಹೆಂಡಂದಿರ ರೇಷ್ಮೆ ರವಿಕೆಯನ್ನೂ ಅವರೇ ಹೊಲಿಯಬೇಕು, ತೋಟದ ಆಳುಗಳ ಲೈನ್ ಮನೆಯ ಮಕ್ಕಳ ಯೂನಿಫಾರ್ಮನ್ನೂ ಅವರೇ ಹೊಲಿಯಬೇಕು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ಮಾತ್ರ ಅವರ ಚರಿತ್ರೆಯಲ್ಲೇ ಇಲ್ಲ. ಕೇಳಲು ಹೋದರೆ ತಪ್ಪು ನಮ್ಮದೇ ಆಗಿಬಿಡುತ್ತಿತ್ತು. "ಅಳತೆ ಕೊಟ್ಟು ಹೋದೋರು ದಪ್ಪ ಆಗಿ ಬಂದ್ರೆ ನಾನೆಂಥ ಮಾಡ್ಲಿ ಅಮ್ಮಾ?" ಎಂದು ನಮ್ಮನ್ನೇ ಮೇಲಿಂದ ಕೆಳಗೆ ನೋಡುವರು. ನಾವು ಹೊಟ್ಟೆ ಒಳಗೆಳೆದುಕೊಂಡು ವಾಪಸ್ಸು ಬರುತ್ತಿದ್ದೆವು.

ಮದುವೆಯಂಥ ದೊಡ್ಡ ಹೊಲಿಗೆ ಇದ್ದಾಗ ಮಾತ್ರ ಟೈಲರಮ್ಮ ಅಂಗಡಿ ಬಾಗಿಲು ಎಳೆದು ಮನೆಗೇ ಬಂದು ಕೂರುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಬಂದು, ಮಧ್ಯಾಹ್ನ ನಮ್ಮಲ್ಲೇ ಉಂಡು, ಸಂಜೆ ಬಸ್ಸಿಗೆ ಹೋಗುವುದು. ಹಾಗೆ ಅವರು ನಮ್ಮ ಬಂಗ್ಲೆಗೆ ಬಂದು ಕೂತದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಬೇಸಿಗೆಗೆ ಸ್ವಲ್ಪ ಮುಂಚೆ. ಆಗ ನಮ್ಮ ಯಜಮಾನರು ಬಣಕಲ್‌ಗೂ ಕೊಟ್ಟಿಗೆಹಾರಕ್ಕೂ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರು. ಅವರಿಗೆ ತಾಂಜಾನಿಯಾದ ಕಾಫಿ ತೋಟವೊಂದರಲ್ಲಿ ಕೆಲಸ ಸಿಕ್ಕಿತ್ತು. ಕೊಯ್ಲು ಮುಗಿಸಿ, ಲೆಕ್ಕ ಒಪ್ಪಿಸಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವಷ್ಟರಲ್ಲಿ ಹೊರಡಬೇಕು. ಹೈಸ್ಕೂಲಿನಲ್ಲಿದ್ದ ಮಗಳು ಅಟ್ಲಾಸು ಹರವಿಕೊಂಡು ಅಲ್ಲಿಯ ಬೆಟ್ಟಗಳನ್ನು ಹುಡುಕುತ್ತಿದ್ದಳು. ಆ ದೇಶದಲ್ಲಿ ರವಿಕೆ ಹೊಲಿಯುವವರು ಸಿಗುತ್ತಾರೋ ಇಲ್ಲವೋ ಎಂದು ನಾನು ಟೈಲರಮ್ಮನಿಗೆ ಹೇಳಿ ಕಳಿಸಿದೆ. ಹೇಳಿ ಕಳಿಸಿ ತಿರುಗಿದರೆ, ಜಗಲಿಯಲ್ಲಿ ಮಲಗಿದ್ದ ಇಬ್ಬರು ಕಣ್ಣಿಗೆ ಬಿದ್ದರು. ನಾಯಿ, ಬೆಕ್ಕು. ಇವರನ್ನೇನು ಮಾಡುವುದು?

ನಾಯಿಯ ಹೆಸರು ಮೇಸ್ತ್ರಿ. ಅದು ನಾವು ಇಟ್ಟ ಹೆಸರಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಹಾಜರಿಗೆ ಗಂಟೆ ಹೊಡೆಯುತ್ತಿದ್ದರು. ಗಂಟೆ ಎಂದರೆ ಹಲಸಿನ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅದನ್ನು ಬಡಿದದ್ದೇ ತಡ, ಮರಿಯಾಗಿದ್ದಾಗಿನಿಂದ ಇವನು ಎದ್ದು ಹೋಗಿ ಆಳುಗಳ ಸಾಲಿನ ಕೊನೆಯಲ್ಲಿ ಕೂರುತ್ತಿದ್ದ. ಲೆಕ್ಕ ಬರೆಯುವ ರೈಟರು ಹೆಸರು ಕೂಗಿ ಮುಗಿಸಿ, ಎಲ್ಲರೂ ತೋಟಕ್ಕೆ ಇಳಿದ ಮೇಲೆ ಮನೆಗೆ ಬಂದು ಸಂಜೆವರೆಗೆ ನಿದ್ದೆ. ಹಾಜರಿಗೆ ತಪ್ಪದೆ ಬರುವುದು, ಕೆಲಸಕ್ಕೆ ಕೈ ಹಚ್ಚದಿರುವುದು, ಇವೆರಡನ್ನೂ ನೋಡಿ ಆಳುಗಳು ಮೇಸ್ತ್ರಿ ಎಂದು ಕರೆದರು. ಆಳುಗಳನ್ನು ನೋಡಿಕೊಳ್ಳುವ ನಿಜವಾದ ಮೇಸ್ತ್ರಿಗಳೂ ನಕ್ಕು ಸುಮ್ಮನಾದರು. ಈಗ ಅವನಿಗೆ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಆದರೂ ಗಂಟೆ ಕೇಳಿದರೆ ಮೂಗಿನಿಂದಲೇ ದಾರಿ ಹುಡುಕಿಕೊಂಡು ಹೋಗುತ್ತಿದ್ದ. ಬೆಕ್ಕು ಚಿನ್ನಿ ಅವನ ಓರಗೆಯವಳು. ಹಲ್ಲು ಉದುರಿದ್ದವು, ಇಲಿಗಳೊಂದಿಗೆ ರಾಜಿಯಾಗಿದ್ದಳು. ರಾತ್ರಿ ಅವನ ಹೊಟ್ಟೆಗೆ ಒರಗಿ ಮಲಗಿದರೆ ಮಾತ್ರ ಅವಳಿಗೆ ನಿದ್ದೆ.

ಬಂಗ್ಲೆಯಲ್ಲೇ ಬಿಟ್ಟು ಹೋಗೋಣ ಎಂದರೆ, ಬರಲಿದ್ದ ಹೊಸ ಮ್ಯಾನೇಜರಿಗೆ ಕರುವಿನಷ್ಟೆತ್ತರದ ಎರಡು ಆಲ್ಸೇಷನ್ನುಗಳಿದ್ದವು. ಲೈನ್ ಮನೆಯವರು ಪ್ರೀತಿಯಿಂದಲೇ ಕೇಳಿದರು, ಆದರೆ ಆ ವರ್ಷ ಚಿರತೆ ಲೈನಿನ ನಾಯಿಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತಿತ್ತು. ಕಣ್ಣು ಕಾಣದವನು ಹೊರಗೆ ಮಲಗಿದರೆ ಒಂದು ವಾರ ಉಳಿಯುತ್ತಿರಲಿಲ್ಲ. ಹೀಗಾಗಿ ನನ್ನದೊಂದು ಷರತ್ತು: ಇಬ್ಬರೂ ಒಂದೇ ಮನೆಗೆ ಹೋಗಬೇಕು, ಬಾಗಿಲ ಒಳಗೆ ಮಲಗಬೇಕು. ನಮ್ಮ ಕಡೆ ನಾಯಿ ಎಂದರೆ ಜೀವ ಬಿಡುವವರಿದ್ದಾರೆ, ಆದರೆ ನಾಯಿಯ ಜಾಗ ಅಂಗಳ. ನನ್ನ ಷರತ್ತು ಕೇಳಿದವರೆಲ್ಲ ನನ್ನ ಮುಖ ನೋಡಿ, ಆಮೇಲೆ ಯಜಮಾನರ ಮುಖ ನೋಡುತ್ತಿದ್ದರು.

ಪಕ್ಕದ ಎಸ್ಟೇಟಿನವರೊಬ್ಬರು ಒಂದು ಸಂಜೆ ಕಾಫಿಗೆ ಬಂದವರು, "ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ? ಹೊರಡೋ ಹಿಂದಿನ ದಿನ ಹೇಳಿ ಕಳ್ಸಿ, ಕೋವಿ ತರ್ತೀನಿ. ಅದಕ್ಕೂ ನೋವಿಲ್ಲ, ನಿಮಗೂ ಚಿಂತೆ ಇಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದು. ನಾನು ಲೋಟ ಎತ್ತಿಕೊಂಡು ಒಳಗೆ ಹೋದವಳು ಅವರು ಹೊರಡುವವರೆಗೆ ಈಚೆ ಬರಲಿಲ್ಲ. ಯಜಮಾನರು ಆಮೇಲೆ ಬಂದು, "ಯಾರೂ ಸಿಗದೇ ಹೋದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಆ ಅರ್ಧ ಮಾತು ನಾವು ಹೊರಡುವವರೆಗೂ ಮನೆಯೊಳಗೆ ಓಡಾಡಿಕೊಂಡಿತ್ತು.

ಟೈಲರಮ್ಮ ಬಂದದ್ದು ಇದರ ನಡುವೆ. ಅವರಿಗೆ ನಾಯಿ ಎಂದರೆ ಪ್ರಾಣಭಯ. ಚಿಕ್ಕಂದಿನಲ್ಲಿ ಹುಚ್ಚು ನಾಯಿಯೊಂದು ಕಚ್ಚಿ, ಹೊಕ್ಕುಳ ಸುತ್ತ ಇಂಜೆಕ್ಷನ್ ತಗೊಂಡವರು ಅವರು. ಗೇಟಿನಿಂದಲೇ ಕೊಡೆ ಮುಂದೆ ಹಿಡಿದುಕೊಂಡು "ನಾಯಿ ಕಟ್ಟಿ ಅಮ್ಮಾ!" ಎಂದು ಕೂಗಿದರು. ಕಟ್ಟಿದೆವು. ಮೇಸ್ತ್ರಿ ಹಿತ್ತಲಲ್ಲಿ ಕೂತು ಕುಂಯ್‌ಗುಟ್ಟತೊಡಗಿದ. ಅವನ ಸಂಕಟಕ್ಕೆ ಕಾರಣವಿತ್ತು. ಜಗಲಿಯಲ್ಲಿ ಟೈಲರಮ್ಮ ಹೊಲಿಯಲು ಕೂತ ಮೆಷಿನ್ನು ನನ್ನದು, ನನ್ನ ಮದುವೆಗೆ ಅಮ್ಮ ಕೊಟ್ಟದ್ದು. ನಾನು ಹೊಲಿಯಲು ಕೂತಾಗಲೆಲ್ಲ ಅವನು ಬಂದು ಅದರ ಕೆಳಗೆ ಮಲಗಿ, ಕಬ್ಬಿಣದ ಪೆಡಲಿನ ಎಡಗಡೆಗೆ ಗಲ್ಲ ಊರುತ್ತಿದ್ದ. ನಾನು ತುಳಿದ ಹಾಗೆ ಅವನ ತಲೆ ಮೇಲೆ ಕೆಳಗೆ ಆಡುತ್ತಿತ್ತು. ತೊಟ್ಟಿಲಲ್ಲಿ ತೂಗಿದ ಮಗುವಿನ ಹಾಗೆ ಅವನಿಗೆ ಅಲ್ಲೇ ನಿದ್ದೆ. ಮೆಷಿನ್ನಿನ ಶಬ್ದ ಕೇಳುತ್ತಿದೆ, ಅದರ ಕೆಳಗೆ ತಾನಿಲ್ಲ ಎಂದರೆ ಅವನು ಹೇಗೆ ತಡೆದುಕೊಳ್ಳಬೇಕು?

ಮಾರನೇ ದಿನ ಹಗ್ಗ ಹೇಗೆ ಬಿಚ್ಚಿಕೊಂಡನೋ ಗೊತ್ತಿಲ್ಲ. ಊಟ ಮುಗಿಸಿ ಬಂದು ಕೂತ ಟೈಲರಮ್ಮ ಕೆಳಗೆ ನೋಡದೆ ಪೆಡಲಿನ ಮೇಲೆ ಕಾಲಿಟ್ಟಿದ್ದಾರೆ. ಕಬ್ಬಿಣ ಇರಬೇಕಾದಲ್ಲಿ ಮೆತ್ತಗೆ ಏನೋ ತಾಗಿತು. ಅವರು ಹಾಕಿದ ಕೂಗಿಗೆ ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರು ಓಡಿ ಬಂದರು. ಕುರ್ಚಿ ಮಗುಚಿತ್ತು, ಬಾಯಲ್ಲಿದ್ದ ಗುಂಡುಸೂಜಿಗಳು ಜಗಲಿ ತುಂಬ ಚೆಲ್ಲಿದ್ದವು, ಟೈಲರಮ್ಮ ಕತ್ತರಿ ಹಿಡಿದು ಕಟ್ಟೆ ಹತ್ತಿ ನಿಂತಿದ್ದರು. ಮೇಸ್ತ್ರಿ ಮಾತ್ರ ಅರ್ಧ ಕಣ್ಣು ತೆರೆದು, ಏನು ಗಲಾಟೆ ಎನ್ನುವಂತೆ ಒಂದು ನಿಟ್ಟುಸಿರು ಬಿಟ್ಟು, ಗಲ್ಲವನ್ನು ಮತ್ತೆ ಅಲ್ಲೇ ಊರಿದ. ಸ್ವಲ್ಪ ಹೊತ್ತು ಅವನನ್ನೇ ನೋಡಿ ಟೈಲರಮ್ಮ ಕೆಳಗಿಳಿದರು. "ಇಷ್ಟು ಸೋಂಬೇರಿ ನಾಯಿಗೆ ಹೆದರಿದೆ ಅಂತ ಗೊತ್ತಾದ್ರೆ ಬಣಕಲ್ಲಲ್ಲಿ ನನ್ನ ಮರ್ಯಾದೆ ಎಂಥ ಉಳೀತದೆ ಮಾರಾಯ್ತಿ" ಎಂದು ತಮಗೆ ತಾವೇ ಹೇಳಿಕೊಂಡು ಕುರ್ಚಿ ಎತ್ತಿದರು. ಎಡಗಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು, ಬಲಗಾಲೊಂದರಲ್ಲೇ ತುಳಿಯಲು ಶುರುಮಾಡಿದರು. ಕತ್ತರಿ ಮಾತ್ರ ತೊಡೆಯ ಮೇಲೇ ಇತ್ತು.

ಅತ್ತ ನನ್ನ ಮನೆ ಹುಡುಕಾಟ ನಡೆದಿತ್ತು. ಮಗಳನ್ನು ಕೊಡುವ ತಾಯಿ ಕೂಡ ಅಷ್ಟು ತನಿಖೆ ಮಾಡಲಿಕ್ಕಿಲ್ಲ. ಕೊಟ್ಟಿಗೆಹಾರದ ಹೋಟೆಲಿನವರೊಬ್ಬರು ನೀರುದೋಸೆ ತಿನ್ನಿಸಿ, "ನಾಯಿಗೂ ದಿನಾ ಇದೇ" ಎಂದರು. ನನಗೆ ಮನಸ್ಸಾಯಿತು. ಆದರೆ ದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಘಾಟಿ ಇಳಿಯುವ ಬಸ್ಸು ಲಾರಿಗಳು ಎಷ್ಟು ಹೋದವೋ! ಕಣ್ಣು ಮಂಜಾದವನನ್ನು ಆ ರಸ್ತೆಗೆ ಹೇಗೆ ಬಿಡುವುದು? ಬೇಡ ಎಂದು ಬಂದೆ. ತೋಟಕ್ಕೆ ನುಗ್ಗುವ ಹಂದಿ ಓಡಿಸಲು ನಾಯಿ ಬೇಕಿದ್ದ ಇನ್ನೊಬ್ಬರು ಮನೆಗೇ ಬಂದು ಮೇಸ್ತ್ರಿಯ ಬಾಯಿ ಬಿಡಿಸಿ ಹಲ್ಲು ನೋಡಿ, "ಹಂದಿ ಬೆನ್ನಟ್ಟೋದಿರ್ಲಿ, ಇದು ರೊಟ್ಟಿ ಬೆನ್ನಟ್ಟೋದೂ ಅನುಮಾನ" ಎಂದು ನಕ್ಕರು. ಮೇಸ್ತ್ರಿಗೆ ಬೇಸರವಾಗಲಿಲ್ಲ, ನನಗಾಯಿತು.

ಕೊನೆಗೆ ಸಂಸೆಯಲ್ಲಿದ್ದ ನನ್ನ ದೊಡ್ಡಪ್ಪನ ಮಗ ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆಂದ. ನಮಗೆ ಹೋದ ಜೀವ ಬಂದಂತಾಯಿತು. ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು, ಕಳಸದ ದಾರಿಯಲ್ಲಿ ತಿರುವು ತಿರುವಿಗೂ ಚಿನ್ನಿಯನ್ನು ಸಮಾಧಾನ ಮಾಡುತ್ತ ಹೋದೆವು. ಅಣ್ಣ ಅತ್ತಿಗೆ ಒಳ್ಳೆಯವರು, ಹಬ್ಬದಡುಗೆ ಮಾಡಿದ್ದರು. ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಕೊಟ್ಟಿಗೆಯ ಹೊರಗೆ ಕಲ್ಲುಕಂಬಕ್ಕೆ ಹೊಸ ಸರಪಳಿ ಹಾಕಿಟ್ಟದ್ದು ಕಂಡಿತು. "ನಾಯಿ ಅಂದ್ಮೇಲೆ ಕಟ್ಲೇಬೇಕಲ್ಲ ತಂಗಿ. ಬೆಕ್ಕು ಅಟ್ಟದ ಮೇಲಿರ್ಲಿ, ಇಲಿ ಹಿಡ್ಕೊಂಡು" ಎಂದ ಅಣ್ಣ ಸಹಜವಾಗಿ. ಹೊಟ್ಟೆ ತುಂಬ ಉಂಡೆ, ಪಾಯಸ ಎರಡನೇ ಸಲ ಹಾಕಿಸಿಕೊಂಡೆ. ಎಲೆಅಡಿಕೆ ಹಾಕಿಕೊಂಡ ಮೇಲೆ, "ಅಯ್ಯೋ ಅಣ್ಣ, ಇವರ ಮದ್ದು ಮನೇಲೇ ಉಳೀತು. ಇನ್ನೊಮ್ಮೆ ಕರ್ಕೊಂಡು ಬರ್ತೀನಿ" ಎಂದು ಇಬ್ಬರನ್ನೂ ಜೀಪಿಗೆ ಹತ್ತಿಸಿಬಿಟ್ಟೆ. ಯಜಮಾನರು ಕಳಸ ದಾಟುವವರೆಗೂ ಬಿಗಿಯಾಗಿ ಕೂತಿದ್ದವರು, ಆಮೇಲೆ ಜೀಪು ನಿಲ್ಲಿಸಿ ನಗತೊಡಗಿದರು. ಮದುವೆ ಮನೆಯಲ್ಲಿ ಉಂಡು ಹೆಣ್ಣನ್ನು ವಾಪಸ್ಸು ಕರಕೊಂಡು ಬಂದವಳು ನೀನೊಬ್ಬಳೇ ಎಂದರು. ನಾನೂ ನಕ್ಕೆ. ನಗುತ್ತ ನಗುತ್ತಲೇ ಅಳು ಬಂತು. ಹೊರಡುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಮರುದಿನ ಟೈಲರಮ್ಮ ಗೇಟಿನಲ್ಲೇ ಕೇಳಿದರು, "ವಾಪಸ್ ಬಂದ್ರಾ ಇಬ್ರೂ?" ನಾನು ತಲೆಯಾಡಿಸಿದೆ. ಕೊಡೆ ಮಡಚಿ ಒಳಗೆ ಬಂದರು. ನಾಯಿ ಕಟ್ಟಿ ಎಂದು ಅವರು ಹೇಳುವುದನ್ನು ಯಾವಾಗ ಬಿಟ್ಟರೋ, ನಾನು ಗಮನಿಸಿರಲಿಲ್ಲ. ಅವತ್ತೇ ಮಧ್ಯಾಹ್ನ ಅವರಿಗೆ ಕಾಫಿ ಕೊಡಲು ಹೋದಾಗ ಪೆಡಲಿನ ಎಡಗಡೆ ಒಂದು ಪುಟ್ಟ ದಿಂಬು ಕಂಡಿತು. ನನ್ನ ರವಿಕೆಗಳ ಒಳಬಟ್ಟೆಯ ಚೂರುಗಳನ್ನು ತುಂಬಿ, ಹೊಲಿದು, ಕಬ್ಬಿಣದ ಜಾಲರಿಗೆ ದಾರದಿಂದ ಬಿಗಿದಿದ್ದರು. ಅದರ ಮೇಲೆ ಮೇಸ್ತ್ರಿಯ ಗಲ್ಲ, ಅವನ ಬೆನ್ನಿಗೊರಗಿ ಚಿನ್ನಿ. ನಾನು ನೋಡಿದ್ದನ್ನು ನೋಡಿ ಟೈಲರಮ್ಮ ಸೂಜಿ ಕಚ್ಚಿದ ಬಾಯಲ್ಲೇ ಗದರಿದರು. "ಅವನ ಜೊಲ್ಲು ತಾಗಿ ಪೆಡಲಿಗೆ ತುಕ್ಕು ಹಿಡೀತದೆ. ಮೆಷಿನ್ ಹಾಳಾಗ್ಬಾರ್ದು ಅಂತ ಹಾಕಿದ್ದು. ಬೇರೆ ಎಂಥದೂ ಇಲ್ಲ."

ಮೆಷಿನ್ನಿನ ಮೇಲೆ ಅವರಿಗೆ ಕಾಳಜಿ ಇರಲು ಕಾರಣವೂ ಇತ್ತು. ನಾವು ಹೊರಟ ಮೇಲೆ ಅದು ಅವರಿಗೇ ಎಂದು ನಾನು ಮೊದಲೇ ಮಾತು ಕೊಟ್ಟಿದ್ದೆ. ಅವರದ್ದು ತೀರಾ ಹಳೆಯದಾಗಿ, ಹೊಲಿಯುವುದಕ್ಕಿಂತ ಕೂಗುವುದೇ ಹೆಚ್ಚಾಗಿತ್ತು. ಆದರೆ ನಾಯಿ ಬೆಕ್ಕಿನ ವಿಷಯದಲ್ಲಿ ಅವರನ್ನು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ನಾಯಿಗೆ ಹೆದರುವವರು, ಊರಿನವರ ರೇಷ್ಮೆ ಬಟ್ಟೆ ಒಂದೇ ಕೋಣೆಯಲ್ಲಿ ಹರವಿಕೊಂಡು ಬದುಕುವವರು. ಅವರನ್ನು ಕೇಳುವುದುಂಟೇ?

ಹೊಲಿಗೆ ಮುಗಿಯಿತು. ಅದೊಂದೇ ಸಲ ಹೇಳಿದ ದಿನಕ್ಕೆ ಮುಗಿಯಿತು. ಮೆಷಿನ್ ಒಯ್ಯಲು ಜೀಪು ಬಂತು. ನಾಲ್ಕು ಜನ ಹಿಡಿದು ಅದನ್ನು ಹಿಂದಕ್ಕೆ ಏರಿಸಿದರು. ಪಕ್ಕದಲ್ಲಿ ಬಟ್ಟೆಗಂಟು ಇಟ್ಟುಕೊಂಡು ಟೈಲರಮ್ಮ ಕೂತರು. ಜಗಲಿಯಲ್ಲಿ ಮೆಷಿನ್ ಇದ್ದ ಜಾಗ ಖಾಲಿ. ಮೇಸ್ತ್ರಿ ಬಂದು ಅಲ್ಲಿಯ ನೆಲ ಮೂಸಿದ. ಒಂದು ಸುತ್ತು ಹಾಕಿದ, ಮತ್ತೆ ಮೂಸಿದ. ಆಮೇಲೆ ಮೂಗು ಎತ್ತಿ, ಎಣ್ಣೆಯ ವಾಸನೆ ಹಿಡಿದು, ಮೆಟ್ಟಿಲಿಳಿದು ಜೀಪಿನ ಹಿಂದೆ ಹೋಗಿ ನಿಂತ. ಮುಂಗಾಲು ಎತ್ತಿ ಜೀಪಿನ ಅಂಚಿಗಿಟ್ಟು, ಕತ್ತು ಚಾಚಿ, ಪೆಡಲಿನ ಮೇಲಿದ್ದ ಆ ದಿಂಬಿಗೆ ಗಲ್ಲ ತಾಗಿಸಲು ನೋಡಿದ. ತಾಗಲಿಲ್ಲ. ಹಾಗೇ ನಿಂತ.

ಡ್ರೈವರು ಕೀಲಿ ತಿರುಗಿಸದೆ ಕಾದ. ಟೈಲರಮ್ಮ ಅವನನ್ನು ನೋಡಿದರು, ಬೆಟ್ಟದ ಕಡೆ ನೋಡಿದರು, ಕೊನೆಗೆ ನನ್ನ ಮೇಲೆ ಹರಿಹಾಯ್ದರು.

"ಎಂಥದಮ್ಮಾ ನೀವು! ಬಾಬಿನ್ ಕೊಟ್ರಿ, ಸೂಜಿ ಡಬ್ಬ ಕೊಟ್ರಿ, ಎಣ್ಣೆ ಬುಡ್ಡಿ ಕೊಟ್ರಿ. ಕೊಡೋದೇ ಆದ್ರೆ ಮೆಷಿನ್ನಿನ ಸಾಮಾನು ಪೂರ್ತಿ ಕೊಡೋದಲ್ವಾ?"

ಇನ್ನೇನು ಉಳಿದಿದೆ ಎಂದು ನಾನು ಕೇಳಿದೆ. ಅವರು ಕತ್ತರಿಯ ತುದಿಯಿಂದ ತೋರಿಸಿದರು. "ಇವನು. ಮತ್ತೆ ಆ ಬೆಕ್ಕು. ಬೇಗ ಹತ್ತಿಸಿ, ನನ್ನ ಮನಸ್ಸು ಬದಲಾದ್ರೆ ಕಷ್ಟ."

ಆಗಲೂ ನನಗೆ ನನ್ನ ಷರತ್ತು ಬಿಡಲಾಗಲಿಲ್ಲ. "ಟೈಲರಮ್ಮ, ಅವು ಒಳಗೇ ಮಲಗ್ಬೇಕು..." ಎಂದೆ. "ನನ್ನ ಮನೇಲಿ ಹೊರಗೆ ಅನ್ನೋದು ಎಲ್ಲಿದೆ ಅಮ್ಮಾ?" ಎಂದರು. ಬಟ್ಟೆಗೆ ಕೂದಲು ಅಂಟಿದರೆ ಜನ ಬೈಯುತ್ತಾರಲ್ಲ ಎಂದರೆ, "ಹೇಗಿದ್ರೂ ಬೈಸ್ಕೊಳ್ಳೋಳೇ ನಾನು, ಅದಕ್ಕೂ ಬೈಸ್ಕೋತೀನಿ" ಎಂದರು.

ಮೇಸ್ತ್ರಿಯನ್ನು ಎತ್ತಿ ಜೀಪಿಗೆ ಹತ್ತಿಸಿದವರು ಯಜಮಾನರು. ಹತ್ತಿದವನೇ ಪೆಡಲಿಗೆ ಗಲ್ಲ ಊರಿ ಕಣ್ಣು ಮುಚ್ಚಿದ. ಚಿನ್ನಿಯನ್ನು ಮಗಳು ತಂದು ಟೈಲರಮ್ಮನ ಮಡಿಲಲ್ಲಿ ಕೂರಿಸಿದಳು. ನಾನು ಒಳಗೆ ಓಡಿ ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ಇಟ್ಟುಕೊಂಡು ಬಂದೆ. ತವರಿಂದ ಹೊರಡುವ ಹೆಣ್ಣುಮಗಳಿಗೆ ಹಾಕುವ ಮಡಿಲಕ್ಕಿ. "ನನಗೆಂಥಕ್ಕಮ್ಮಾ ಇದು?" ಎಂದರು ಅವರು. ನಿಮಗಲ್ಲ, ನಿಮ್ಮ ಮಡಿಲಲ್ಲಿ ಕೂತವಳಿಗೆ ಎಂದೆ. ಅವರು ಸೆರಗು ಒಡ್ಡಿದರು. ಚಿನ್ನಿ ಅಕ್ಕಿ ಮೂಸಿ ನೋಡಿ, ಮೀನಲ್ಲವೆಂದು ಮುಖ ತಿರುಗಿಸಿದಳು. ಎಲ್ಲರೂ ನಕ್ಕೆವು. ಜೀಪು ತಿರುವು ದಾಟಿತು. ಯಜಮಾನರು ಆ ಹೊತ್ತಿನಲ್ಲಿ ತೋಟದ ಕಡೆ ಏನೋ ಕೆಲಸವಿದೆ ಎಂದು ಹೊರಟುಹೋದರು.

ತಾಂಜಾನಿಯಾದಿಂದ ನಾನು ಮಾಡಿದ ಮೊದಲ ಫೋನು ಓಣಿಯ ಬಾಯಲ್ಲಿದ್ದ ಎಸ್‌ಟಿಡಿ ಬೂತಿಗೆ. ಬೂತಿನವರು ಕೂಗಿ ಕರೆದರು, ಟೈಲರಮ್ಮ ಏದುಸಿರು ಬಿಡುತ್ತ ಬಂದರು. "ನಿಮ್ಮ ನಾಯಿನ ಶಾಲೆಗೆ ಸೇರಿಸಿದೆ ಅಮ್ಮಾ" ಎಂದರು. ನನಗೆ ಅರ್ಥವಾಗಲಿಲ್ಲ. ಆದದ್ದಿಷ್ಟು. ಬಣಕಲ್ಲಿನ ಆ ಶಾಲೆಯ ಗಂಟೆಯೂ ರೈಲು ಕಂಬಿಯ ತುಂಡೇ. ಮೊದಲ ಬೆಳಿಗ್ಗೆ ಅದು ಬಡಿದದ್ದೇ ಮೇಸ್ತ್ರಿ ಎದ್ದು ಓಣಿಗಿಳಿದ. ಅವನ ಪಾಲಿಗೆ ಅದು ಹಾಜರಿ. ಟೈಲರಮ್ಮ ಕೊಡೆ ಹಿಡಿದು ಹಿಂದೆ ಓಡಿದರು. ಹೋಗಿ ನೋಡಿದರೆ ಮಕ್ಕಳು ಸಾಲುಸಾಲಾಗಿ ಪ್ರಾರ್ಥನೆಗೆ ನಿಂತಿದ್ದಾರೆ, ಒಂದನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ಮೇಸ್ತ್ರಿ ನೆಟ್ಟಗೆ ಕೂತಿದ್ದಾನೆ. ಎಳೆದುಕೊಂಡು ಬರಲು ಇವರಿಗೆ ಇನ್ನೂ ಅಷ್ಟು ಧೈರ್ಯವಿಲ್ಲ. ಬೇರೆ ದಾರಿ ಕಾಣದೆ ಅವನ ಹಿಂದೆ ತಾವೂ ನಿಂತರು. ಹೆಡ್‌ಮಾಸ್ಟರು, ಯೂನಿಫಾರ್ಮಿನ ವಿಷಯಕ್ಕೆ ಬಂದಿರಬೇಕೆಂದು ನಮಸ್ಕಾರ ಮಾಡಿದರಂತೆ. ಮಕ್ಕಳು ಕ್ಲಾಸಿಗೆ ಹೋದ ಮೇಲೆ ಮೇಸ್ತ್ರಿ ಎದ್ದು, ಮೈ ಕೊಡವಿ, ಮನೆಗೆ ಬಂದು ಮೆಷಿನ್ನಿನ ಕೆಳಗೆ ಮಲಗಿದ.

ಆಮೇಲೆ ದಿನಾ ಅದೇ ಆಯಿತು. ಅಂಗಡಿ ತೆರೆಯುವುದು ಪ್ರಾರ್ಥನೆ ಮುಗಿದ ಮೇಲೆ ಎಂದಾಯಿತು. ಬಟ್ಟೆ ಯಾಕೆ ಆಗಿಲ್ಲ ಎಂದು ಕೇಳಿದವರಿಗೆ "ಹಾಜರಿಗೆ ಹೋಗಿದ್ದೆ" ಎನ್ನುವ ಹೊಸ ಉತ್ತರ ಸಿಕ್ಕಿತು. ಬೇಸಿಗೆ ರಜ ಬಂದಾಗ ಗಂಟೆಯಿಲ್ಲದೆ ಅವನು ಮಂಕಾಗಿ, ಅನ್ನ ಮೂಸಿ ಬಿಡತೊಡಗಿದ. ಆಗ ಟೈಲರಮ್ಮ ತಾವೇ ದೊಡ್ಡ ಕತ್ತರಿಯಿಂದ ಕಿಟಕಿ ಸರಳು ಬಡಿದು, "ಮೇಸ್ತ್ರೀ, ಹಾಜರಿ!" ಎಂದು ಕೂಗುತ್ತಿದ್ದರಂತೆ. ಇಬ್ಬರೂ ಖಾಲಿ ಮೈದಾನಕ್ಕೆ ಹೋಗಿ, ಸ್ವಲ್ಪ ಹೊತ್ತು ನಿಂತು ಬರುವುದು. ಇದನ್ನು ಅವರು ಹೇಳಲಿಲ್ಲ. ಬೂತಿನವರು ಹೇಳಿ ನಕ್ಕರು. ಆ ದೂರದ ದೇಶದಲ್ಲಿ, ಯಾರ ಭಾಷೆಯೂ ತಿಳಿಯದ ಆ ಮೊದಲ ತಿಂಗಳುಗಳಲ್ಲಿ, ನಾನು ಅಡುಗೆ ಮಾಡುವಾಗ ಆ ಇಬ್ಬರನ್ನೂ ಮೈದಾನದಲ್ಲಿ ನಿಲ್ಲಿಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಎರಡು ವರ್ಷದ ಮೇಲೆ ರಜಕ್ಕೆ ಬಂದೆವು. ನಾನು ಬಸ್ಸಿಳಿದವಳೇ ನೇರ ಓಣಿಗೆ ಹೋದೆ. ಮೇಸ್ತ್ರಿ ನನ್ನನ್ನು ನೋಡಿ ಏನು ಮಾಡುತ್ತಾನೋ, ಕುಣಿಯುತ್ತಾನೋ, ಅಳುತ್ತಾನೋ ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸಿದ್ದೆ. ಅಂಗಡಿಯಲ್ಲಿ ಮೆಷಿನ್ನು ಓಡುತ್ತಿತ್ತು. ಅವನಿಗೆ ಈಗ ಕಣ್ಣು ಪೂರ್ತಿ ಹೋಗಿತ್ತು. ನಾನು ಕೂತು ಕೈ ಚಾಚಿದೆ. ಅವನು ಮೂಸಿದ, ಬಾಲ ನೆಲಕ್ಕೆ ಬಡಿಯಿತು, ಎದ್ದು ನನ್ನ ಕೈ ಮುಖ ಎಲ್ಲ ನೆಕ್ಕಿದ. ನಾನು ಯಾರೆಂದು ಅವನಿಗೆ ಗೊತ್ತಿತ್ತು, ಅನುಮಾನವೇ ಇಲ್ಲ. ಅಷ್ಟಾದ ಮೇಲೆ ತಿರುಗಿ ಹೋಗಿ, ಗಲ್ಲವನ್ನು ಪೆಡಲಿನ ದಿಂಬಿಗೆ ಊರಿ, ಉಸ್ಸೆಂದು ಮಲಗಿದ. ಟೈಲರಮ್ಮ ಬಲಗಾಲು ಇಟ್ಟು ತುಳಿಯತೊಡಗಿದರು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಒಂದು ಗಳಿಗೆ ಚೆನ್ನಾಗಿಯೇ ಆಯಿತು. ಅದರ ಬೆನ್ನಿಗೇ ಎರಡು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಏನೋ ಒಂದು ಸಡಿಲವಾಯಿತು. ಕೊಟ್ಟ ಮನೆಯಲ್ಲಿ ಮಗಳು ಸುಖವಾಗಿದ್ದಾಳೆ ಎಂದರೆ ತಾಯಿಗೆ ಇನ್ನೇನು ಬೇಕು? ಟೈಲರಮ್ಮ ನನ್ನ ಮುಖ ಓದಿದರೋ ಏನೋ, "ದಪ್ಪ ಆಗಿದ್ದೀರಿ ಅಮ್ಮಾ" ಎಂದು ಟೇಪು ತೆಗೆದರು.

ಅದಾದ ಮುಂದಿನ ವರ್ಷ ಒಂದು ದಿನ ನಾನು ಫೋನು ಮಾಡಿದಾಗ ಅವರು ಬರಲು ತಡವಾಯಿತು.

"ಅಮ್ಮಾ, ಮೇಸ್ತ್ರಿ ಇವತ್ತು ಗಂಟೆಗೆ ಏಳ್ಲಿಲ್ಲ" ಎಂದರು.

ಲೈನಿನಲ್ಲಿ ಬರೀ ಗಾಳಿಯಂಥ ಶಬ್ದ... ಆಮೇಲೆ ಅವರೇ ಹೇಳಿದರು, "ನಾನು ಹೋಗಿ ನಿಂತು ಬಂದೆ. ಅವನ ಬದಲಿಗೆ."

ಚಿನ್ನಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಯಾರದೋ ಮದುವೆಯ ರವಿಕೆ ಬಟ್ಟೆಗಳ ರಾಶಿಯ ಮೇಲೆ ಮಲಗಿದವಳು ಹಾಗೇ ಹೋದಳು. ಇಬ್ಬರಿಗೂ ಅಡುಗೆಮನೆಯ ಹಿಂದೆ ಒಂದೇ ಕಡೆ ಜಾಗವಾಯಿತು.

ನಾವು ಕೆಲಸ ಮುಗಿಸಿ ಊರಿಗೆ ಬಂದು ಮೂಡಿಗೆರೆಯಲ್ಲಿ ಮನೆ ಮಾಡಿದ ಮೇಲೂ ನನ್ನ ರವಿಕೆಗಳು ಬಣಕಲ್ಲಿಗೇ ಹೋಗುತ್ತಿದ್ದವು, ತಡವಾಗಿಯೇ ಬರುತ್ತಿದ್ದವು. ಕಳೆದ ಮಳೆಗಾಲದಲ್ಲಿ ಟೈಲರಮ್ಮನಿಗೆ ಜ್ವರ ಬಂತು, ಬಿಡಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ, ನನ್ನ ಹಸಿರು ರವಿಕೆ ಮುಂದಿನ ವಾರ ಖಂಡಿತ ಎಂದಿದ್ದರು. ಆ ವಾರ ಬರಲಿಲ್ಲ. ಅವರ ತಂಗಿಯ ಮಗಳು ಅಂಗಡಿ ಖಾಲಿ ಮಾಡುವಾಗ ಮೆಷಿನ್ನನ್ನು ನನಗೇ ತಂದುಕೊಟ್ಟಳು. "ಇದು ನಿಮ್ಮದು ಅಂತ ದೊಡ್ಡಮ್ಮ ಯಾವಾಗ್ಲೂ ಹೇಳೋರು" ಎಂದಳು. ಡ್ರಾಯರಿನಲ್ಲಿ ನನ್ನ ಹಸಿರು ಬಟ್ಟೆ ಇತ್ತು, ಕತ್ತರಿಸಿ ಮಡಚಿದ್ದು, ಹೊಲಿಯದ್ದು.

ಅದನ್ನು ನಾನೇ ಹೊಲಿದು ಮುಗಿಸೋಣ ಎಂದೇ ಕಳೆದ ವಾರ ರಿಪೇರಿಯವನನ್ನು ಕರೆಸಿದ್ದು. ಅವನು ಎಣ್ಣೆ ಬಿಟ್ಟು ಮುಗಿಸಿ, ಪೆಡಲಿನ ಬಳಿ ಬಗ್ಗಿ, "ಇದೆಂಥದಮ್ಮಾ ಇಲ್ಲಿ ಬಟ್ಟೆ ಕಟ್ಟಿದ್ದಾರೆ? ಕಾಲಿಡಕ್ಕೆ ಅಡ್ಡ. ಕೊಯ್ದು ತೆಗೀಲಾ?" ಎಂದ. ನಾನು ಹುರುಳಿಕಾಯಿ ಅಲ್ಲೇ ಬಿಟ್ಟು ಓಡಿ ಬಂದೆ. ಬೇಡ ಎಂದು ಹೇಳಿ ಅವನನ್ನು ಕಳಿಸಿ, ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತು ಮೊದಲ ಸಲ ಸರಿಯಾಗಿ ನೋಡಿದೆ. ಅದು ನನ್ನ ರವಿಕೆಯ ಒಳಬಟ್ಟೆಯ ದಿಂಬಾಗಿರಲಿಲ್ಲ. ಮೇಲಿನ ಬಟ್ಟೆ ಗಟ್ಟಿ ನೀಲಿ, ಆ ಓಣಿಯ ಶಾಲೆಗೆ ಈಚೆಗೆ ಬಂದ ಹೊಸ ಯೂನಿಫಾರ್ಮಿನ ಬಣ್ಣ. ಮೇಸ್ತ್ರಿ ಹಾಜರಿಗೆ ಹೋಗುತ್ತಿದ್ದ ಕಾಲಕ್ಕೆ ಆ ಬಣ್ಣವೇ ಇರಲಿಲ್ಲ. ಅವನು ಹೋಗಿ ಇಷ್ಟು ವರ್ಷವಾದರೂ ಟೈಲರಮ್ಮ ದಿಂಬು ಸವೆದ ಹಾಗೆಲ್ಲ ಹೊಸದು ಹೊಲಿದು ಕಟ್ಟುತ್ತಿದ್ದರು.

ಈಗ ಹಸಿರು ರವಿಕೆ ಅರ್ಧ ಆಗಿದೆ. ನನಗೆ ಆ ಕೈ ಇಲ್ಲ, ತೋಳು ಎರಡು ಸಲ ಬಿಚ್ಚಿದೆ. ಹೇಳಿದ ದಿನಕ್ಕೆ ಮುಗಿಯುವುದಿಲ್ಲ, ಮುಗಿಯದಿದ್ದರೂ ಕೇಳುವವರು ಯಾರು? ಒಂದೇ ಕಾಲಲ್ಲಿ ತುಳಿಯುವುದು ನಿಧಾನ. ಎಡಗಾಲನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡಿದ್ದೇನೆ.